ಚಿಗರಿಗೆ ಯಾವ ಬಂದೂಕು?

ರೋಹಿಣಿ ಮಳೆಗೆ ಬಿತ್ತಿದ ಹೆಸರು ಎರಡೆಲೆ ಬಿಟ್ಟು ನಿಂತಾಗ, ಚಿತ್ತಿ ಮಳೆಯ ಹಸಿಗೆ ಊರಿದ ಕಡಲಿ ಗೇಣುದ್ದ ಆದಾಗ, ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರಿಹೊಲಗಳಲ್ಲಿ ಚಿಗರಿಯ ಮಾತು ಶುರುವಾಗುತ್ತದೆ. ಸಂಜೆ ಹೊಲ ನೋಡಿ ಬರುವಾಗ ಸಾಲುಗಳು ನೆಟ್ಟಗಿರುತ್ತವೆ. ಮುಂಜಾನೆ ಹೋದರೆ ಸಾಲಿಗೆ ಸಾಲೇ ಕುಡಿ ಕಡಿದು ಬೋಳಾಗಿರುತ್ತದೆ, ಉಳಿದದ್ದು ಗೊರಸಿನಡಿ ಸಿಕ್ಕಿರುತ್ತದೆ. ಮತ್ತೆ ಬಿತ್ತೋಣವೆಂದರೆ ಬೀಜ ಸಾಲ ತರಬಹುದು, ಕೂರಿಗೆ ಬಾಡಿಗೆಗೆ ತರಬಹುದು, ಹೋದ ಹದವನ್ನು ಮಾತ್ರ ಯಾರೂ ಕೊಡಲಾರರು. ಮಳೆಯಾಶ್ರಿತ ಎರಿಯಲ್ಲಿ ಹದ ತಪ್ಪಿದರೆ ಆ ಹಂಗಾಮು ತಪ್ಪಿದಂತೆಯೇ.

ಈ ಸಿಟ್ಟಿನಲ್ಲೇ ಬಂದೂಕಿನ ಮಾತು ಬರುತ್ತದೆ. ರೋಣದ ಕಡೆಯ ತರುಣನೊಬ್ಬ ನನ್ನನ್ನು ಕೇಳಿದ್ದೂ ಹೀಗೆಯೇ: “ಕಾಕಾ, ನಾ ಎಂದೂ ಬಂದೂಕ ಹಿಡದಾಂವ ಅಲ್ಲ. ಚಿಗರಿ ಹೊಡಿಯಾಕ ಮೊದಲನೇ ಬಂದೂಕು ಯಾವುದು ತಗೊಂಡ್ರ ಚಲೋ?” ಇದೇ ಪ್ರಶ್ನೆಯನ್ನು ಅಮೆರಿಕದ ಹಳ್ಳಿಯ ಅಂಗಡಿಯಲ್ಲಿ ಕೇಳಿದ್ದರೆ ಅಂಗಡಿಯವನು ಕುರ್ಚಿ ಕೊಟ್ಟು ಕೂರಿಸಿ ಉತ್ತರ ಹೇಳುತ್ತಿದ್ದ. ಹೊಸಬನ ಹೆಗಲಿಗೆ ಒದೆತ ಕಡಿಮೆ ಇರಲೆಂದು .243 ಅಳತೆಯ ರೈಫಲ್ ತೋರಿಸುತ್ತಿದ್ದ, ದೂರದ ಗುರಿಗೆ .308 ಅನ್ನುತ್ತಿದ್ದ. ಅಲ್ಲಿ ಜಿಂಕೆ ಬೇಟೆಗೆ ಹಂಗಾಮು ಇದೆ, ಪರವಾನಗಿ ಇದೆ, ಒಬ್ಬನಿಗೆ ಇಷ್ಟೇ ಎಂಬ ಮಿತಿ ಇದೆ. ಬಂದೂಕು ಮತ್ತು ತೋಟಾದ ಮೇಲಿನ ತೆರಿಗೆಯ ಹಣ 1937ರಿಂದ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ಮೊಬೈಲಿನಲ್ಲಿ ಅಲ್ಲಿಯ ವಿಡಿಯೊ ನೋಡಿದ ನಮ್ಮ ಹುಡುಗರಿಗೆ ಇಲ್ಲಿಯೂ ಹಾಗೆಯೇ ಇರಬೇಕು ಅನಿಸುವುದು ಸಹಜ.

ಇಲ್ಲಿ ಹಾಗಿಲ್ಲ. ಚಿಗರಿ ಹೊಡೆಯಲು ಕಾನೂನು ಒಪ್ಪುವ ಬಂದೂಕು ಈ ದೇಶದಲ್ಲಿ ಒಂದೂ ಇಲ್ಲ. ಅಷ್ಟಕ್ಕೇ ಮಾತು ಮುಗಿಸಿ ಕೈತೊಳೆದುಕೊಂಡರೆ ಆ ತರುಣನಿಗೆ ಅನ್ಯಾಯ. ಅವನ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಚಿಗರಿಯನ್ನು ಯಾಕೆ ಹೊಡೆಯುವಂತಿಲ್ಲ? ಬೆಳೆ ಕಾಯಲು ರೈತನಿಗೆ ಬಂದೂಕು ಸಿಗುತ್ತದೆಯೇ, ಸಿಕ್ಕರೆ ಎಂಥದ್ದು? ಬಂದೂಕು ಬೇಡವೆಂದಾದರೆ ಹೊಲ ಕಾಯುವವರು ಯಾರು? ಮೂರನೆಯದಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ, ಅದು ಇನ್ನೂ ಸರಿಯಾಗಿ ಕೊಟ್ಟಿಲ್ಲ ಎಂಬುದೇ ನನ್ನ ತಕರಾರು.

ಮೊದಲು ಪ್ರಾಣಿಯನ್ನು ನೋಡೋಣ. ಪತ್ರಿಕೆಗಳು ಜಿಂಕೆ ಎಂದು ಬರೆದರೂ ನಮ್ಮ ಚಿಗರಿ ಜಿಂಕೆಯ ಕುಲದ್ದಲ್ಲ. ಕಾಡಿನ ಚುಕ್ಕೆ ಜಿಂಕೆಯ ಕವಲುಕೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಮೂಡುತ್ತದೆ. ಚಿಗರಿಯದು ತಿರುಚಿ ಬೆಳೆಯುವ ಟೊಳ್ಳುಕೊಂಬು, ಒಮ್ಮೆ ಬಂದರೆ ಸಾಯುವವರೆಗೂ ಇರುತ್ತದೆ, ಸಾಮಾನ್ಯವಾಗಿ ಗಂಡಿಗೆ ಮಾತ್ರ. ಬಲಿತ ಗಂಡಿನ ಬೆನ್ನು ಕಪ್ಪಾಗುವುದರಿಂದ ಪುಸ್ತಕದಲ್ಲಿ ಅದು ಕೃಷ್ಣಮೃಗ. ಹೆಣ್ಣು, ಮರಿಗಳದ್ದು ಒಣಹುಲ್ಲಿನ ಬಣ್ಣ. ಗಂಟೆಗೆ 80 ಕಿ.ಮೀ. ಹತ್ತಿರ ಓಡಬಲ್ಲ ಪ್ರಾಣಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ತ್ವರಿತ ಬಸ್ಸುಗಳಿಗೆ ಚಿಗರಿ ಎಂದೇ ಹೆಸರಿಟ್ಟಿದ್ದಾರೆ.

“ಕಾಡಿನ ಪ್ರಾಣಿ ಕಾಡಿನ್ಯಾಗ ಇರಲಿ” ಎಂಬ ಮಾತು ಚಿಗರಿಗೆ ಹೊಂದುವುದಿಲ್ಲ. ಚಿಗರಿಗೆ ಮರಗಿಡ ದಟ್ಟವಾಗಿರುವ ಕಾಡು ಆಗದು. ದೂರದವರೆಗೆ ಕಣ್ಣು ಹಾಯಬೇಕು, ಅಪಾಯ ಕಂಡರೆ ಓಡಲು ಬಯಲು ಬೇಕು, ಮೇಯಲು ಗಿಡ್ಡ ಹುಲ್ಲು ಬೇಕು. ಹಾಗಿದ್ದ ಗೋಮಾಳ, ಗಾಯರಾಣ, ಹುಲ್ಲುಬಯಲುಗಳೆಲ್ಲ ತಲೆಮಾರುಗಳಿಂದ ಹೊಲವಾಗುತ್ತ ಬಂದಿವೆ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟೆ ಕಟ್ಟಿ ಮಲಪ್ರಭೆಯ ಕಾಲುವೆ ನರಗುಂದ, ರೋಣದತ್ತ ಹರಿದ ಮೇಲೆ ಬೇಸಿಗೆಯ ಮುಂಚಿನ ತಿಂಗಳುಗಳಲ್ಲೂ ಅಲ್ಲಲ್ಲಿ ಹಸಿರು ಸಿಗತೊಡಗಿತು. ಚಿಗರಿ ಎಲ್ಲಿಂದಲೋ ಬಂದು ನಮ್ಮ ಹೊಲಕ್ಕೆ ನುಗ್ಗಿದ್ದಲ್ಲ. ಇದ್ದ ಬಯಲಲ್ಲೇ ಇದೆ, ಬಯಲಿನ ಹುಲ್ಲು ಹೋಗಿ ಕಡಲಿ ಬಂದಿದೆ. ಇದನ್ನು ಹೇಳುವುದು ರೈತನನ್ನು ತಪ್ಪಿತಸ್ಥನನ್ನಾಗಿ ಮಾಡಲು ಅಲ್ಲ. ಅವನು ಹೊಟ್ಟೆಪಾಡಿಗೆ ಉತ್ತ. ಆದರೆ ಕಾಡಿಗೆ ಅಟ್ಟಿದರೆ ಮುಗಿಯಿತು ಎಂಬ ಪರಿಹಾರ ಇಲ್ಲಿ ನಡೆಯುವುದಿಲ್ಲ ಎಂಬುದು ಗೊತ್ತಿರಬೇಕು.

ಈ ಬಯಲಲ್ಲಿ ಚಿಗರಿ ಬೇಟೆ ಹಳೆಯ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಬೇಟೆಗೇ ಒಂದು ದೊಡ್ಡ ಭಾಗವಿದೆ, ಪಳಗಿಸಿದ ಚೀತಾ ಬಿಟ್ಟು ಚಿಗರಿ ಹಿಡಿಸುವ ವಿಧಾನವೂ ಇದೆ. ಕೊಲ್ಹಾಪುರದ ಸಂಸ್ಥಾನಿಕರು ಆಫ್ರಿಕದಿಂದ ಚೀತಾ ತರಿಸಿ ಇಪ್ಪತ್ತನೆಯ ಶತಮಾನದಲ್ಲೂ ಅದೇ ಆಟ ಆಡಿದರು. ಬ್ರಿಟಿಷ್ ಅಧಿಕಾರಿಗಳ ಕೈಗೆ ರೈಫಲ್ ಬಂದ ಮೇಲೆ ಎಣಿಕೆಯೇ ಇಲ್ಲ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ಚೀತಾವೂ ಮುಗಿಯಿತು, ಚಿಗರಿ ಹಿಂಡುಗಳೂ ಬಹಳ ಕಡೆ ಅಳಿದವು. ಕಾನೂನು ಬಂದದ್ದು ಆ ಹಿನ್ನೆಲೆಯಲ್ಲಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಆರಂಭದಲ್ಲಿ ಕೆಲವು ಪ್ರಾಣಿಗಳಿಗೆ ಬೇಟೆ ಪರವಾನಗಿ ಕೊಡುವ ಅವಕಾಶ ಅದೇ ಕಾಯ್ದೆಯೊಳಗೆ ಇತ್ತು; 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಉಳಿದಿರುವುದು 11ನೇ ಕಲಂ. ರೈತರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ಹಂದಿಗೂ ಚಿಗರಿಗೂ ಇರುವ ಫರಕು ಇಲ್ಲಿದೆ. ಪರಿಶಿಷ್ಟ 2ರಲ್ಲಿರುವ ಪ್ರಾಣಿ ಜೀವಕ್ಕೋ ಆಸ್ತಿಗೋ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಟ್ಟು ಕೊಲ್ಲಲು ಅನುಮತಿಸಬಹುದು, ‘ಆಸ್ತಿ’ ಎಂಬುದರಲ್ಲಿ ಹೊಲದಲ್ಲಿ ನಿಂತ ಬೆಳೆಯೂ ಸೇರಿದೆ. ಕಾಡುಹಂದಿ ಈ ಪಟ್ಟಿಯಲ್ಲಿದೆ. ಪರಿಶಿಷ್ಟ 1ರಲ್ಲಿರುವ ಪ್ರಾಣಿಗೆ ಹಾಗಲ್ಲ. ಮನುಷ್ಯರ ಜೀವಕ್ಕೇ ಅಪಾಯವಾಗಿದ್ದರೆ, ಇಲ್ಲವೇ ವಾಸಿಯಾಗದಷ್ಟು ಗಾಯ, ರೋಗ ಇದ್ದರೆ ಮಾತ್ರ ಅನುಮತಿ. ಬೆಳೆಯ ಮಾತು ಅಲ್ಲಿ ಇಲ್ಲವೇ ಇಲ್ಲ. ಚಿಗರಿ ಇರುವುದು ಪರಿಶಿಷ್ಟ 1ರಲ್ಲಿ. 2022ರಲ್ಲಿ ಕಾಯ್ದೆ ತಿದ್ದಿ, ಪರಿಶಿಷ್ಟಗಳನ್ನು ಹೊಸದಾಗಿ ಜೋಡಿಸಿ, 2023ರ ಏಪ್ರಿಲ್ 1ರಿಂದ ಜಾರಿಗೆ ತಂದಾಗಲೂ ಅದು ಅಲ್ಲೇ ಉಳಿಯಿತು. ನವಿಲೂ ಅದೇ ಪಟ್ಟಿಯಲ್ಲಿದೆ.

ಬಿಹಾರದಲ್ಲಿ ಹೊಡೆಯಲು ಬಿಟ್ಟರಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. 2015ರ ಕೊನೆಗೆ ಕೇಂದ್ರ ಸರ್ಕಾರ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿ, ಕಾಡುಹಂದಿಗಳನ್ನು ಪೀಡಕ ಪ್ರಾಣಿ ಎಂದು ಘೋಷಿಸಿತು, 2016ರ ಜೂನ್‌ನಲ್ಲಿ ಮೊಕಾಮಾದ ಬಯಲಲ್ಲಿ ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಗುಂಡಿಕ್ಕಿ ಕೊಂದರು. ಅದು 62ನೇ ಕಲಮಿನ ಅಧಿಕಾರ. ಆ ಅಧಿಕಾರವೂ ಪರಿಶಿಷ್ಟ 1ರ ಪ್ರಾಣಿಗೆ ತಗಲುವುದಿಲ್ಲ. ಕೇರಳ 2022ರಲ್ಲಿ ಪಂಚಾಯ್ತಿ ಅಧ್ಯಕ್ಷರಿಗೆ ಕೊಟ್ಟ ಅಧಿಕಾರ ಹಂದಿಗಷ್ಟೇ ಸೀಮಿತ.

ಶಿಕ್ಷೆ ಸಣ್ಣದಲ್ಲ. ಪರಿಶಿಷ್ಟ 1ರ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಂದೂಕು, ಬೈಕು, ಟ್ರ್ಯಾಕ್ಟರು ಜಪ್ತಿಯಾಗಬಹುದು. ಪರವಾನಗಿ ಇದ್ದ ಬಂದೂಕಿನಿಂದಲೇ ಹೊಡೆದಿದ್ದರೂ ಶಿಕ್ಷೆಯ ಜತೆಗೆ ಆ ಪರವಾನಗಿ ರದ್ದು ಮಾಡಿ, ಮುಂದಿನ 5 ವರ್ಷ ಬಂದೂಕು ಪರವಾನಗಿಗೆ ಅನರ್ಹ ಎಂದು ಕೋರ್ಟು ಹೇಳಬಹುದು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಕಾಯ್ದೆಯ ಲೆಕ್ಕದಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು ಹಾಕುವುದು, ವಿಷ ಇಡುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಬೆಳದಿಂಗಳಲ್ಲಿ ಬೈಕಿನ ಮೇಲೆ ಚಿಗರಿಯ ಬೆನ್ನುಹತ್ತಿ ದಣಿಸಿ ಹಿಡಿಯುವ ಹುಡುಗರು ಇದನ್ನು ಮನಸ್ಸಿನಲ್ಲಿಡಬೇಕು. ಹೊಲದಲ್ಲಿ ಸತ್ತುಬಿದ್ದ ಚಿಗರಿಯೂ ಸರ್ಕಾರದ ಸ್ವತ್ತು. ಅರಣ್ಯ ಇಲಾಖೆಗೆ ಫೋನ್ ಮಾಡಬೇಕು, ಮನೆಗೆ ಒಯ್ಯುವಂತಿಲ್ಲ.

ಈಗ ಎರಡನೆಯ ಪ್ರಶ್ನೆ, ಬೆಳೆ ಕಾಯುವ ಬಂದೂಕು. ಈ ನೆಲದಲ್ಲಿ ಆಯುಧ ಮತ್ತು ಸರ್ಕಾರದ ನಡುವಿನ ಕಥೆ ನೋವಿನದು. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಎದ್ದುನಿಂತರು. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಕೊಡು ಎಂದರೆ ಅನ್ನ ಕೊಡು ಎಂದಂತೆ. ಊರನ್ನು ಸುಟ್ಟರು, ಹಲವರನ್ನು ಗಲ್ಲಿಗೇರಿಸಿದರು. ಮರುವರ್ಷ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರಿಗೆ ಸಂಸ್ಥಾನದ ತೋಪುಗಳನ್ನು ಧಾರವಾಡಕ್ಕೆ ಕಳಿಸಿಕೊಡುವಂತೆ ಆಜ್ಞೆ ಬಂತು. ದತ್ತಕಕ್ಕೆ ಒಪ್ಪಿಗೆ ಸಿಗದ ಸಿಟ್ಟು ಮೊದಲೇ ಇತ್ತು. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಹತ್ಯೆಯಾಯಿತು, ಜೂನ್‌ನಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಬ್ರಿಟಿಷರ 1878ರ ಶಸ್ತ್ರ ಕಾಯ್ದೆ ಬಂದೂಕನ್ನು ಸರ್ಕಾರದ ಮೆಹರ್ಬಾನಿಯ ವಸ್ತುವನ್ನಾಗಿ ಮಾಡಿತು. ಹೀಗಾಗಿ ಪರವಾನಗಿ ಎಂದಕೂಡಲೆ ಇಲ್ಲಿಯ ಹಿರಿಯರ ಮುಖ ಗಂಟಿಕ್ಕುವುದಕ್ಕೆ ಕಾರಣವಿದೆ.

ಆದರೆ ಸ್ವತಂತ್ರ ಭಾರತದ 1959ರ ಶಸ್ತ್ರ ಕಾಯ್ದೆ ರೈತನನ್ನು ಮರೆತಿಲ್ಲ. ಅದರ 13ನೇ ಕಲಂ ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಮದ್ದಿನ ಬಂದೂಕಿಗೆ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ, ಪರವಾನಗಿ ಕೊಡಬೇಕು ಎನ್ನುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಕನಿಷ್ಠ 20 ಇಂಚು ನಳಿಗೆಯ, ಒಳಗೆ ನುಣುಪಾದ ಬೇರೆ ಬಂದೂಕಿಗೂ ಕೊಡಬಹುದು. ಮಲೆನಾಡಿನವರು ಮೊದಲನೆಯದನ್ನು ಕೇಪಿನ ಕೋವಿ ಅನ್ನುತ್ತಾರೆ, ಎರಡನೆಯದನ್ನು ತೋಟಾ ಕೋವಿ.

ಕೇಪಿನ ಕೋವಿಯ ಕೆಲಸ ನಿಧಾನದ್ದು. ನಳಿಗೆಯ ಬಾಯಿಗೆ ಅಳತೆಯ ಕರಿಮದ್ದು ಸುರಿಯಬೇಕು, ನಾರು ತುರುಕಿ ಗಜದಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ನಾರು ಜಡಿಯಬೇಕು, ಹಿಂಬದಿಯ ಮೊಲೆಗೆ ಕೇಪು ಕೂರಿಸಬೇಕು. ಕುದುರೆ ಬಡಿದಾಗ ಕೇಪು ಕಿಡಿಯಾಗಿ ಮದ್ದಿಗೆ ತಗಲುತ್ತದೆ. ಒಂದು ಈಡು ಆದಮೇಲೆ ಎಲ್ಲ ಮೊದಲಿನಿಂದ. ಮದ್ದು ಹೆಚ್ಚಾದರೆ ನಳಿಗೆ ಸಿಡಿದು ಹಿಡಿದವನ ಕೈ, ಕಣ್ಣು ಹೋಗುತ್ತವೆ. ಶಬ್ದ ದೊಡ್ಡದು, ಹೊಗೆ ದೊಡ್ಡದು, ದೂರ ಕಡಿಮೆ. ಕಾನೂನು ಬೆಳೆ ಕಾಯಲು ಇದನ್ನೇ ಆರಿಸಿದ್ದು ಸರಿಯೆಂದು ನನಗನಿಸುತ್ತದೆ. ಬೆಳೆ ಕಾಯುವವನಿಗೆ ಬೇಕಾದದ್ದು ಪ್ರಾಣಿ ಹೊಲ ಬಿಟ್ಟು ಹೋಗುವುದು, ಆ ಕೆಲಸವನ್ನು ಶಬ್ದ ಮಾಡುತ್ತದೆ.

ರೈಫಲ್ ಯಾಕೆ ಬೇಡ ಎಂಬುದನ್ನು ಬಿಡಿಸಿ ಹೇಳಬೇಕು. ಕಾನೂನು ಬದಿಗಿಟ್ಟು ನೋಡಿದರೂ ಅದು ನಮ್ಮ ನೆಲಕ್ಕೆ ಒಗ್ಗುವ ಆಯುಧವಲ್ಲ. ರೈಫಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡನ್ನು ತಿರುಗಿಸಿ ಬಿಡುವುದರಿಂದ ಅದು ನೆಟ್ಟಗೆ, ಬಹುದೂರ ಹೋಗುತ್ತದೆ. ನಮ್ಮ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವ .315 ಬೇಟೆ ರೈಫಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹಾರುತ್ತದೆ. ಚಿಕ್ಕ .22 ಗುಂಡು ಕೂಡ ಒಂದು ಕಿ.ಮೀ. ದಾಟಬಲ್ಲದು. ಗುಂಡು ಹೊಡೆಯುವವನು ಕಲಿಯಬೇಕಾದ ಮೊದಲ ಪಾಠ ಗುರಿಯ ಹಿಂದೆ ಏನಿದೆ ಎಂದು ನೋಡುವುದು. ಮಲೆನಾಡಿನಲ್ಲಿ ಹಿಂದೆ ಗುಡ್ಡವೋ ದರೆಯೋ ಇರುತ್ತದೆ, ತಪ್ಪಿದ ಗುಂಡು ಮಣ್ಣಿಗೆ ಹೋಗುತ್ತದೆ. ಗಜೇಂದ್ರಗಡದ ಕಾಲಕಾಲೇಶ್ವರನ ಬೆಟ್ಟಸಾಲು ಬಿಟ್ಟರೆ ಹೊಳೆ ಆಲೂರು, ಬೆಳವಣಕಿ, ಕೊಣ್ಣೂರಿನ ಕಡೆಗೆಲ್ಲ ಹಾಸಿದ ಎರಿ. ಬೆಳೆ ಮೊಣಕಾಲೆತ್ತರ. ರಾತ್ರಿಯ ಕತ್ತಲಲ್ಲಿ ಪಕ್ಕದ ಹೊಲದವರು ಮಂಚಿಕೆಯ ಮೇಲೆ ಮಲಗಿರುತ್ತಾರೆ, ಕುರಿಗಾರರು ಹಟ್ಟಿ ಹಾಕಿರುತ್ತಾರೆ, ಕಾಲುವೆಯ ನೀರು ತಿರುವಲು ಒಬ್ಬ ಬ್ಯಾಟರಿ ಹಿಡಿದು ಹೊರಟಿರುತ್ತಾನೆ. ಹೊಳೆಯುವ ಎರಡು ಕಣ್ಣು ಚಿಗರಿಯದೋ, ಕರುವಿನದೋ, ನಾಯಿಯದೋ ಎಂದು ಹೊಸಬನಿಗೆ ತಿಳಿಯುವುದಿಲ್ಲ. ತೋಟಾ ಬಂದೂಕಿನ ಚರೆ ಮೂವತ್ತು ನಲವತ್ತು ಮೀಟರಿನಾಚೆ ಕಸುವು ಕಳೆದುಕೊಳ್ಳುತ್ತ ಹೋದರೂ ಇನ್ನೂರು ಮೀಟರಿನಲ್ಲಿ ಮನುಷ್ಯನ ಕಣ್ಣು ತೆಗೆಯಬಲ್ಲದು. ಈ ಬಯಲಲ್ಲಿ ಬಂದೂಕು ಹಿಡಿದವನ ಗುರಿಯ ಹಿಂದೆ ಯಾವಾಗಲೂ ಯಾರೋ ಇರುತ್ತಾರೆ ಎಂದೇ ಭಾವಿಸಬೇಕು.

ಇಷ್ಟಾದರೂ ಹಂದಿಯ ಕಾಟಕ್ಕೋ, ಒಂಟಿಮನೆಯ ರಕ್ಷಣೆಗೋ ಬಂದೂಕು ಬೇಕೆಂದರೆ ದಾರಿ ಹೀಗಿದೆ. ವಯಸ್ಸು 21 ತುಂಬಿರಬೇಕು. ಅರ್ಜಿ ಹೋಗುವುದು ಗದಗಿನ ಜಿಲ್ಲಾಧಿಕಾರಿಗೆ. ಪೊಲೀಸರು ಬಂದು ನಡತೆ, ಜಗಳ, ಕೇಸು ಎಲ್ಲ ವಿಚಾರಿಸುತ್ತಾರೆ. 2016ರ ಶಸ್ತ್ರ ನಿಯಮಗಳ ಪ್ರಕಾರ ದೈಹಿಕ, ಮಾನಸಿಕ ಆರೋಗ್ಯದ ಪ್ರಮಾಣಪತ್ರ, ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ ಬೇಕು, ಮನೆಯಲ್ಲಿ ಬೀಗ ಹಾಕಿಡುವ ವ್ಯವಸ್ಥೆ ಬೇಕು. ಬೆಳೆ ರಕ್ಷಣೆಯ ಕಾರಣ ಹೇಳುವವರು ಹೊಲದ ಉತಾರ, ಹಿಂದಿನ ಬೆಳೆಹಾನಿಯ ದಾಖಲೆ ಜತೆಗಿಟ್ಟರೆ ಅರ್ಜಿಗೆ ತೂಕ ಬರುತ್ತದೆ. ಸಿಕ್ಕ ಪರವಾನಗಿ 2019ರ ತಿದ್ದುಪಡಿಯ ನಂತರ 5 ವರ್ಷ ನಡೆಯುತ್ತದೆ, ಆಮೇಲೆ ನವೀಕರಣ. ಪರವಾನಗಿ ಯಾರ ಹೆಸರಿಗೆ ಇದೆಯೋ ಬಂದೂಕು ಅವರ ಕೈಯಲ್ಲೇ ಇರಬೇಕು. “ಇವತ್ತ ನೀ ಕಾಯಾಕ ಹೋಗಪಾ” ಎಂದು ತಮ್ಮನಿಗೆ ಕೊಟ್ಟು ಕಳಿಸುವಂತಿಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದ ಮೇಲೆ ಅದರ 10 ಕಿ.ಮೀ. ವ್ಯಾಪ್ತಿಯ ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಊರುಗಳಿಗೆ ಇನ್ನೊಂದು ಹಂತವಿದೆ. ಅಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು.

ಕೊಡಗಿನವರಿಗೆ ಪರವಾನಗಿ ಇಲ್ಲದೆಯೇ ಕೋವಿ ಸಿಗುತ್ತದಲ್ಲ ಎಂಬ ಮಾತೂ ಬರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಆ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೋವಿ ಅವರ ಹುಟ್ಟಿಗೆ, ಸಾವಿಗೆ, ಹಬ್ಬಕ್ಕೆ ಸೇರಿದ ವಸ್ತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ. ಕೊಡಗಿನಲ್ಲಿಯೂ ಜಿಂಕೆ ಹೊಡೆದವನು ನೇರ ಜೈಲಿಗೇ ಹೋಗುತ್ತಾನೆ.

ಕದ್ದುಮುಚ್ಚಿ ಸಿಗುವ ನಾಡಬಂದೂಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರವಾನಗಿಯಿಲ್ಲದ ಬಂದೂಕು ಮನೆಯಲ್ಲಿ ಸಿಕ್ಕರೆ 2ರಿಂದ 5 ವರ್ಷ. ಹಂದಿಗೆಂದು ಇಡುವ ಸಿಡಿಮದ್ದು ಮೇಯಲು ಹೋದ ಎಮ್ಮೆಯ ದವಡೆ ಹಾರಿಸುತ್ತದೆ. ಮೇನ್ ಲೈನಿನ ಕರೆಂಟನ್ನು ನೇರ ತಂತಿಗೆ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅದರಿಂದ ಸತ್ತವರಲ್ಲಿ ಆ ಹೊಲದ ಯಜಮಾನರೇ ಇರುತ್ತಾರೆ, ಅವರ ಮಕ್ಕಳಿರುತ್ತಾರೆ.

ಬಂದೂಕಿನ ಮೇಲೆ ನಿಜವಾದ ಪ್ರೀತಿ ಇರುವ ಹುಡುಗರಿಗೆ ಮಾತ್ರ ಬೇರೆ ಮಾತು ಹೇಳುತ್ತೇನೆ. 4.5 ಮಿ.ಮೀ., ಅಂದರೆ .177 ಅಳತೆಯ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ .177ರ 10 ಮೀಟರ್ ಸ್ಪರ್ಧೆಯಲ್ಲಿ. ಉಸಿರು ಹಿಡಿಯುವುದು, ಟ್ರಿಗರನ್ನು ಜಗ್ಗದೆ ಒತ್ತುವುದು, ಬಂದೂಕಿನ ಬಾಯನ್ನು ಮನುಷ್ಯರತ್ತ ತಿರುಗಿಸದೇ ಇರುವುದು ಎಲ್ಲವನ್ನೂ ಅದರಲ್ಲಿ ಕಲಿಯಬಹುದು. ನಮ್ಮ ಭಾಗದ ಹೈಸ್ಕೂಲುಗಳಲ್ಲಿ ಕುಸ್ತಿ, ಸೈಕ್ಲಿಂಗಿಗೆ ಸಿಗುವ ಬೆಂಬಲ ಈ ಆಟಕ್ಕೂ ಸಿಗಲಿ. ಗುರಿ ಕಾಗದದ್ದಾಗಿರಬೇಕು, ಅಷ್ಟೇ. ಅದರಿಂದ ನವಿಲು ಹೊಡೆದರೆ ಮತ್ತೆ ಅದೇ ಪರಿಶಿಷ್ಟ 1.

ಇನ್ನು ಮೂರನೆಯ ಪ್ರಶ್ನೆ. ನನ್ನ ಕಳಕಳಿಯೆಲ್ಲ ಇಲ್ಲಿದೆ.

ಚಿಗರಿಯನ್ನು ಕಾಪಾಡಬೇಕೆಂದು ದೇಶ ತೀರ್ಮಾನಿಸಿತು, ಒಳ್ಳೆಯದಾಯಿತು. ಆ ತೀರ್ಮಾನದ ಖರ್ಚು ಮಾತ್ರ ನಾಲ್ಕೆಕರೆಯ ರೈತನ ತಲೆಯ ಮೇಲೆ ಬಿತ್ತು. ಬೆಂಗಳೂರಿನವರು ಸಫಾರಿಗೆ ಹೋಗಿ ಚಿಗರಿಯ ಫೋಟೊ ತೆಗೆಯುತ್ತಾರೆ; ಅದನ್ನು ಮೇಯಿಸುವವನು ರೋಣದವನು. ಅವನು ಏನೆಲ್ಲ ಮಾಡಿ ನೋಡಿದ್ದಾನೆ! ಹೊಲದ ಸುತ್ತ ಹಳೆಯ ಸೀರೆ ಕಟ್ಟಿದ್ದಾನೆ, ಬೆದರುಗೊಂಬೆ ನಿಲ್ಲಿಸಿದ್ದಾನೆ, ಪಟಾಕಿ ಹಾರಿಸಿದ್ದಾನೆ, ತಗಡು ಬಡಿದಿದ್ದಾನೆ, ತಿಂಗಳುಗಟ್ಟಲೆ ಹೊಲದಲ್ಲೇ ಮಲಗಿದ್ದಾನೆ. ಸೀರೆಗೆ ಚಿಗರಿ ಕೆಲವು ದಿನ ಹೆದರುತ್ತದೆ, ಆಮೇಲೆ ಬಗ್ಗಿ ಒಳಗೆ ಬರುತ್ತದೆ. ನಮ್ಮ ಹಿರಿಯರು ಕಡಲಿ, ಜೋಳದ ಹೊಲದ ಅಂಚಿಗೆ ಕುಸುಬಿ ಸಾಲು ಹಾಕುತ್ತಿದ್ದರು. ಬಲಿತ ಕುಸುಬಿಯ ಮುಳ್ಳಿಗೆ ದನಕರು ಮೂತಿ ಹಾಕುವುದಿಲ್ಲ, ಕೊನೆಗೆ ಎಣ್ಣೆಯೂ ಸಿಗುತ್ತದೆ. ಎಣ್ಣೆಬೀಜದ ಬೆಲೆ ಬಿದ್ದು ಕುಸುಬಿ ಕಮ್ಮಿಯಾದ ಮೇಲೆ ಆ ಮುಳ್ಳಿನ ಬೇಲಿಯೂ ಹೋಯಿತು. ಅದನ್ನು ಮರಳಿ ತರುವುದು ಒಳ್ಳೆಯದೇ, ಆದರೆ ಕುಸುಬಿ ಮುಳ್ಳು ಬಲಿಯುವ ಮೊದಲೇ ಕಡಲಿಯ ಎಳೆಕುಡಿ ಚಿಗರಿಯ ಬಾಯಿಗೆ ಹೋಗಿರುತ್ತದೆ.

ಸೋಲಾರ್ ಬೇಲಿ ಕೆಲಸ ಮಾಡುತ್ತದೆ. ಅದರ ತಂತಿಯಲ್ಲಿ ಹರಿಯುವುದು ಕ್ಷಣ ಬಿಟ್ಟು ಕ್ಷಣ ಬರುವ ಸಣ್ಣ ತುಡಿತ, ಪ್ರಾಣಿಗೆ ಚುರುಕು ಮುಟ್ಟುತ್ತದೆ, ಜೀವ ಹೋಗುವುದಿಲ್ಲ. ತೊಂದರೆ ಬೇರೆ: ಒಬ್ಬ ಬೇಲಿ ಹಾಕಿದರೆ ಹಿಂಡು ಪಕ್ಕದವನ ಹೊಲಕ್ಕೆ ಹೋಗುತ್ತದೆ, ಅಂದರೆ ಬಡವನ ಹೊಲಕ್ಕೆ. ಬೇಲಿ ಊರಿನ ಲೆಕ್ಕದಲ್ಲಿ ಆಗಬೇಕು. ಹತ್ತಾರು ರೈತರ ಹೊಲ ಸೇರಿಸಿ ಸುತ್ತಿದರೆ ತಂತಿಯ ಖರ್ಚು ಎಕರೆಗೆ ಬಹಳ ಇಳಿಯುತ್ತದೆ. ಸಹಾಯಧನವನ್ನು ಒಬ್ಬೊಬ್ಬರಿಗೆ ಹಂಚುವ ಬದಲು ಹೀಗೆ ಗುಂಪಿಗೆ ಕೊಡಬೇಕೆಂದು ರೈತಸಂಘಗಳು ಪಟ್ಟು ಹಿಡಿಯಬೇಕು. 1980ರಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದು, ಗುಂಡೇಟು ತಿಂದು, ಇಡೀ ರಾಜ್ಯದ ರೈತ ಚಳವಳಿಗೆ ಕಿಡಿ ಹೊತ್ತಿಸಿದ ನರಗುಂದಕ್ಕೆ ಪಟ್ಟು ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಪರಿಹಾರಕ್ಕೆ ಅರ್ಜಿ ಹಾಕುವುದನ್ನು ಬಹಳ ಜನ ಬಿಟ್ಟಿದ್ದಾರೆ. ಬರುವ ಹಣ ಓಡಾಟದ ಖರ್ಚಿಗೂ ಸಾಲದು ಎಂಬುದು ಅವರ ಅನುಭವ. ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ದಾಖಲಾಗದಿದ್ದರೆ ಸರ್ಕಾರದ ಲೆಕ್ಕದಲ್ಲಿ ನಿಮ್ಮ ಹೊಲವನ್ನು ಚಿಗರಿ ತಿಂದೇ ಇಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳ ಬೆಳೆಹಾನಿಯನ್ನು 2026ರ ಮುಂಗಾರಿನಿಂದ ಸೇರಿಸುವುದಾಗಿ ಪ್ರಕಟಿಸಿತು. ಹಾನಿಯಾದ 72 ಗಂಟೆಯೊಳಗೆ ಸ್ಥಳದ ಗುರುತಿರುವ ಫೋಟೊ ಸಮೇತ ಆ್ಯಪ್‌ನಲ್ಲಿ ತಿಳಿಸಬೇಕು. ಯಾವ ಯಾವ ಪ್ರಾಣಿ, ಯಾವ ಯಾವ ತಾಲ್ಲೂಕು ಎಂಬ ಪಟ್ಟಿ ಮಾಡುವುದು ರಾಜ್ಯ ಸರ್ಕಾರದ ಕೆಲಸ. ಆನೆ, ಹಂದಿ ತಾನಾಗಿಯೇ ಪಟ್ಟಿಗೆ ಬರುತ್ತವೆ, ಅವುಗಳ ಪರ ಮಾತಾಡುವ ಜಿಲ್ಲೆಗಳು ಬಹಳ. ಬಯಲುಸೀಮೆಯ ಚಿಗರಿ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕಾದವರು ಗದಗ, ಕೊಪ್ಪಳ, ಹಾವೇರಿಯ ಶಾಸಕರು.

ಹಿಂಡು ದೊಡ್ಡದಾದ ಕಡೆ ಸ್ಥಳಾಂತರವೇ ದಾರಿ. ಚಿಗರಿಯನ್ನು ಬಲೆ ಹಾಕಿ ಹಿಡಿಯಲು ಹೋದರೆ ಹೆದರಿಕೆಗೇ ಅದರ ಸ್ನಾಯು ಕೆಟ್ಟು ಸಾಯುತ್ತದೆ. ಇಷ್ಟು ದಿನ ಎಲ್ಲರೂ ಕೈಚೆಲ್ಲಿದ್ದು ಅದಕ್ಕೇ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಪ್ರದೇಶ ಬೇರೆ ಮಾಡಿ ತೋರಿಸಿತು. ಶಾಜಾಪುರ ಸುತ್ತಲಿನ ಹೊಲಗಳಲ್ಲಿ, ಅದೂ ನಮ್ಮಂತೆಯೇ ಕರಿಮಣ್ಣಿನ ಸೀಮೆ, ಆಫ್ರಿಕದಲ್ಲಿ ರೂಢಿಯಲ್ಲಿರುವ ಬೋಮಾ ಎಂಬ ವಿಧಾನ ಬಳಸಿದರು. ದೂರದಲ್ಲಿ ಅಗಲವಾಗಿ ಶುರುವಾಗಿ ಬರಬರುತ್ತ ಇಕ್ಕಟ್ಟಾಗುವ ಬಟ್ಟೆಯ ಗೋಡೆ ಕಟ್ಟಿ, ಹೆಲಿಕಾಪ್ಟರಿನಿಂದ ಹಿಂಡನ್ನು ನಿಧಾನ ಅದರೊಳಗೆ ನಡೆಸಿ, ಕೊನೆಗೆ ವಾಹನಕ್ಕೆ ಏರಿಸುವುದು. ಹೀಗೆ ಎಂಟುನೂರಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ರೈತರ ಹೊಲಗಳಿಂದ ಗಾಂಧಿಸಾಗರ ಮೊದಲಾದ ರಕ್ಷಿತ ಪ್ರದೇಶಗಳಿಗೆ ಸಾಗಿಸಿದರು. ಹಿಡಿಯುವ ಖರ್ಚನ್ನೂ ಹೊಣೆಯನ್ನೂ ಸರ್ಕಾರವೇ ಹೊತ್ತಿತು. ನಾನು ಹೇಳುತ್ತಿರುವುದೂ ಅದನ್ನೇ.

ಎಲ್ಲಿಗೆ ಬಿಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಿಂದ ಇದೆ, 119 ಚದರ ಕಿ.ಮೀ. ಆದರೆ ಅದರ ಬಹುಭಾಗಕ್ಕೆ ನೀಲಗಿರಿ ನೆಟ್ಟು ಬಯಲನ್ನು ತೋಪು ಮಾಡಿದ್ದೇವೆ. ಹುಲ್ಲುಬಯಲನ್ನು ಪಾಳುಭೂಮಿ ಎಂದು ತಿಳಿದು ಗಿಡ ನೆಡುವ ಹಳೆಯ ಚಟ ಇಲಾಖೆ ಬಿಡಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲು ಎಂಟುನೂರು ಎಕರೆಯೂ ಇಲ್ಲ, ಆದರೂ ಹುಲ್ಲು ಹುಲ್ಲಾಗಿಯೇ ಉಳಿದದ್ದರಿಂದ ಅಲ್ಲಿ ಚಿಗರಿ ಚೆನ್ನಾಗಿದೆ. ತೋಳದ ಮಾತನ್ನೂ ಆಡಬೇಕು. ಈ ಬಯಲಲ್ಲಿ ಚಿಗರಿಯನ್ನು ಹದ್ದುಬಸ್ತಿನಲ್ಲಿಟ್ಟದ್ದು ಬಂದೂಕಲ್ಲ, ತೋಳ. ಅದನ್ನು ನಾವೇ ಹೊಗೆ ಹಾಕಿ, ವಿಷ ಹಾಕಿ ಮುಗಿಸುತ್ತ ಬಂದೆವು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ಧಾಮವಿದೆ. ಕುರಿ ಕಳೆದುಕೊಂಡ ಕುರಿಗಾರನಿಗೆ ತಡವಿಲ್ಲದೆ ದುಡ್ಡು ಸಿಗುವಂತಾದರೆ ಗಜೇಂದ್ರಗಡದ ಗುಡ್ಡಗಳಲ್ಲಿಯೂ ತೋಳ ಉಳಿಯಬಹುದು.

ಹಾಗಾಗಿ ರೋಣದ ಆ ತರುಣನಿಗೂ ಅವನ ಓರಗೆಯವರಿಗೂ ನಾನು ಹೇಳುವುದಿಷ್ಟು: ಬಂದೂಕಿನ ಅರ್ಜಿಗೆ ಓಡಾಡುವ ದಿನಗಳನ್ನು ಗ್ರಾಮಸಭೆಗೆ ಕೊಡಿ. ಠರಾವು ಬರೆಸಿ. ಅದರಲ್ಲಿ ಸರ್ವೆ ನಂಬರು, ಬೆಳೆ, ಹಾನಿಯಾದ ತಾರೀಖು, ಅಂದಾಜು ಎಷ್ಟು ಚಿಗರಿ ಎಲ್ಲ ಇರಲಿ. ಪ್ರತಿಯನ್ನು ವಲಯ ಅರಣ್ಯಾಧಿಕಾರಿಗೆ, ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರೂ ತಾಲ್ಲೂಕುಗಳಲ್ಲಿ ಒಂದೇ ದಿನ ಚಿಗರಿ ಎಣಿಕೆ ನಡೆಸಬೇಕು ಎಂಬುದು ಮೊದಲ ಬೇಡಿಕೆಯಾಗಲಿ. ಎಷ್ಟಿವೆ, ಹಗಲು ಎಲ್ಲಿ ತಂಗುತ್ತವೆ, ಯಾವ ತಿಂಗಳು ಯಾವ ಬೆಳೆಗೆ ಬರುತ್ತವೆ ಎಂಬ ಲೆಕ್ಕ ಕೈಯಲ್ಲಿಲ್ಲದೆ ಯಾವ ಹೆಲಿಕಾಪ್ಟರೂ ಗದಗಿನ ಕಡೆ ಹಾರುವುದಿಲ್ಲ. ಎಣಿಕೆಗೆ ತಕ್ಕ ಕಾಲ ಹಿಂಗಾರಿ ಬೆಳೆ ಕೊಯ್ದ ಮೇಲೆ, ಬಯಲು ಬರಿದಾಗಿ ಹಿಂಡುಗಳೆಲ್ಲ ಕಣ್ಣಿಗೆ ಬೀಳುವ ಫೆಬ್ರವರಿ, ಮಾರ್ಚ್ ತಿಂಗಳು. ಆ ದಿನ ಇಲಾಖೆಯವರ ಜತೆ ಊರಿಗೆ ಇಬ್ಬರಂತೆ ರೈತರೂ ಇರಬೇಕೆಂದು ಠರಾವಿನಲ್ಲೇ ಬರೆಸಿ.